ತೋಳಿಗಿಲ್ಲದ ವಂಕಿ

ಮೊನ್ನೆ ಬನಹಟ್ಟಿಯಲ್ಲೊಂದು ಮದುವೆ. ಅಕ್ಕಿಕಾಳು ಬಿದ್ದಾಗಿತ್ತು, ಊಟದ ಪಾಳಿ ಇನ್ನೂ ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ನಮ್ಮ ಹೆಂಗಸರು ಸುಮ್ಮನೆ ಕೂಡುವವರಲ್ಲ. ಯಾರ ತೋಳಲ್ಲಿ ಎಷ್ಟು ತೊಲೆ ಎಂಬ ಲೆಕ್ಕ ಶುರುವಾಯಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಬರಿದೋಳು ನೋಡಿ ಮರುಗಿದರು.

"ನಿಮಗ ವಂಕಿ ಹಾಕಿಲ್ಲೇನ್ರಿ ಮನ್ಯಾಗ?"

"ಹತ್ತ ವರ್ಷ ಹಾಕ್ಕೊಂಡಿದ್ದೆ ಅಕ್ಕಾರ. ಆಮ್ಯಾಲೆ ತಗಸಿಬಿಟ್ಟೆ."

"ಅಯ್ಯ ಶಿವನ, ಅಡವಿಟ್ರೇನ?"

ಎದುರಿಗೆ ಕೂತಿದ್ದ ಆಶಾ ಕಾರ್ಯಕರ್ತೆಯೊಬ್ಬರಿಗೆ ಮಾತ್ರ ಮಾತಿನ ಜಾಡು ಸಿಕ್ಕಿತು. ಸೆರಗು ಬಾಯಿಗೊತ್ತಿಕೊಂಡು ಎದ್ದು ಹೋದರು.

ಕಾಪರ್-ಟಿಗೆ ಕನ್ನಡದಲ್ಲಿ 'ವಂಕಿ' ಎಂದು ಹೆಸರಿಟ್ಟ ಮಹಾನುಭಾವರಿಗೆ ಹಾಸ್ಯದ ಗುಣ ಇದ್ದಿರಲೇಬೇಕು. ಗಡಿಯಾಚೆಯ ಮರಾಠಿಯವರು ಒಗಟು ಕಟ್ಟಲಿಲ್ಲ. ತಾಮ್ರದ್ದು, ಹಾಗಾಗಿ 'ತಾಂಬಿ' ಅಂದರು, ಮುಗಿಯಿತು. ನಾವು ಆಭರಣದ ಹೆಸರು ಕೊಟ್ಟೆವು. ಬಂಗಾರದ ವಂಕಿ ಲಾಕರಿನಲ್ಲಿದ್ದರೂ ಊರಿಗೆಲ್ಲ ಗೊತ್ತಿರಬೇಕು. ತಾಮ್ರದ ವಂಕಿ ಮೈಯೊಳಗೇ ಇದ್ದರೂ ಮನೆಯವರಿಗೆ ಗೊತ್ತಾಗಬಾರದು. ಒಂದು ಮಾತ್ರ ಎರಡಕ್ಕೂ ಸಮ: ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂದು ತೊಟ್ಟವಳನ್ನು ಬಿಟ್ಟು ಉಳಿದವರೆಲ್ಲ ಹೇಳುತ್ತಾರೆ.

ನನ್ನ ತವರು ಮುಧೋಳ. ಕೊಟ್ಟದ್ದು ರಬಕವಿಗೆ, ನೇಕಾರರ ಮನೆಗೆ. ತಂಗಿಯನ್ನು ಬೀಳಗಿಯ ಕಡೆ ಕೊಟ್ಟಿದ್ದಾರೆ, ನಾದಿನಿ ಜಮಖಂಡಿಯಲ್ಲಿದ್ದಾಳೆ. ಹೀಗಾಗಿ ನಾಲ್ಕೂ ತಾಲ್ಲೂಕುಗಳ ವಂಕಿಯ ವರದಿ ನನಗೆ ಬಸ್ ಚಾರ್ಜಿಲ್ಲದೆ ಬಂದು ಮುಟ್ಟುತ್ತದೆ.

ನಾನು ಹಾಕಿಸಿಕೊಂಡದ್ದು 2009ರಲ್ಲಿ, ಎರಡನೆಯ ಕೂಸಿಗೆ ಹಲ್ಲು ಬರುವ ಹೊತ್ತಿಗೆ. ಸಿಸ್ಟರ್ ಪಾಕೀಟು ಒಡೆಯುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಇಂಗ್ಲಿಷಿನ 'ಟಿ' ಅಕ್ಷರದಂಥ ಬಿಳಿ ಪ್ಲಾಸ್ಟಿಕ್ಕು. ಉದ್ದ 36 ಮಿಲಿಮೀಟರ್, ಅಗಲ 32. ನಡುಗಂಬಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿತ್ತು, ಥೇಟ್ ಕಂಡಿಕೆ ಸುತ್ತಿದ ಹಾಗೆ. ಎರಡೂ ತೋಳಿಗೆ ಒಂದೊಂದು ತಾಮ್ರದ ಪಟ್ಟಿ. ವಂಕಿಗೇ ವಂಕಿ ತೊಡಿಸಿದ್ದಾರಲ್ಲ ಅಂದುಕೊಂಡೆ. ತಾಮ್ರದ ಮೇಲ್ಮೈ ಒಟ್ಟು 380 ಚದರ ಮಿಲಿಮೀಟರ್, ಅದಕ್ಕೇ ಹೆಸರು 380ಎ. ಬಾಳಿಕೆ 10 ವರ್ಷ. ಗರ್ಭಕೋಶದೊಳಗೆ ತಾಮ್ರ ಕಣ್ಣಿಗೆ ಕಾಣದಷ್ಟು ಕರಗುತ್ತ ವೀರ್ಯಾಣುಗಳ ಕೈಕಾಲು ಕಟ್ಟಿಹಾಕುತ್ತದೆ, ಅಂಡಾಣುವಿನ ತನಕ ಹೋಗಗೊಡುವುದಿಲ್ಲ. ಮೊದಲ ವರ್ಷ 100 ಮಂದಿಯಲ್ಲಿ ಒಬ್ಬಳಿಗೆ ಬಸಿರು ನಿಂತರೂ ಅದು ಅಪರೂಪ. ಜಮಖಂಡಿ ಕಡೆ ದ್ರಾಕ್ಷಿಗೆ ಮೈಲುತುತ್ತ ಹೊಡೆಯುವ ಗಂಡಸರಿಗೆ ತಾಮ್ರದ ಗುಣ ಗೊತ್ತು. ಆದರೆ ಆ ಜ್ಞಾನವೆಲ್ಲ ತೋಟದ ಬೇಲಿಯ ತನಕ.

ಕೆಳಗಡೆ ಎರಡು ಬಿಳಿ ದಾರ ಇಳಿಬಿದ್ದಿದ್ದವು. ಆ ದಾರದ ಸಂಗತಿಯನ್ನು ರಾತ್ರಿ ನಮ್ಮನೆಯವರಿಗೆ ಹೇಳಿದೆ.

"ದಾರಾ ಯಾಕ ಬಿಟ್ಟಾರ?"

"ಜಾಗಾದಾಗ ಐತೋ ಇಲ್ಲೋ ತಿಂಗಳಿಗೊಮ್ಮೆ ಮುಟ್ಟಿ ನೋಡ್ಕೊಳ್ಳಾಕ. ತಗೀಬೇಕಂದ್ರ ಹಿಡದ ಎಳಿಯಾಕ."

ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಎಷ್ಟ ಕೌಂಟಿನ ದಾರ?"

ಅವರ ಮಗ್ಗದ ಬೀಮಿನಲ್ಲಿ ಸಾವಿರಾರು ಎಳೆ. ಅದರಲ್ಲೊಂದು ಕಡಿದರೆ ಅಷ್ಟು ಖಟಖಟದ ನಡುವೆಯೂ ಗೊತ್ತಾಗಿ, ಉಣ್ಣುವ ತಾಟು ಬಿಟ್ಟು ಓಡುತ್ತಾರೆ. ನನ್ನ ಈ ಎರಡು ಎಳೆಯ ಬಗ್ಗೆ ಹತ್ತು ವರ್ಷದಲ್ಲಿ ಕೇಳಿದ ಪ್ರಶ್ನೆ ಅದೊಂದೇ. ಇಲ್ಲ, ಸುಳ್ಳು ಹೇಳಬಾರದು, ಇನ್ನೊಂದಿತ್ತು. "ಚುಚ್ಚತೈತೇನ?" ಅಂತ ಕೇಳಿದ್ದರು. ನನಗಲ್ಲ, ತಮಗೆ.

ಸುದ್ದಿ ಎರಡೇ ದಿನಕ್ಕೆ ಅತ್ತೆಯ ಕಿವಿಗೆ ಬಿತ್ತು. ಓಣಿಯ ತಜ್ಞರ ಸಮಿತಿ ನಮ್ಮ ಕಟ್ಟೆಯ ಮೇಲೇ ಸೇರಿತು. ವಂಕಿ ಮೆಲ್ಲಗೆ ಮೇಲೇರಿ ಎದೆಗೆ ಹೋಗಿ ಕೂಡುತ್ತದೆ ಎಂದು ಒಬ್ಬರು. ತಲೆಗೇ ಏರುತ್ತದೆ ಎಂದು ಇನ್ನೊಬ್ಬರು. ಮೂರನೆಯವರು ಮುಗಿಲು ನೋಡಿ, "ತಾಮ್ರಾ ಅಂದ್ರ ಸಿಡಲ ಎಳೀತೈತವಾ, ಮಳಿ ಬಂದಾಗ ಹೊರಗ ನಿಂದರಬ್ಯಾಡ" ಎಂದರು. ಆ ಮಳೆಗಾಲವೆಲ್ಲ ನನ್ನನ್ನು ಯಾರೂ ಹಿತ್ತಲಿಗೆ ಕಳಿಸಲಿಲ್ಲ. ವಂಕಿಯಿಂದ ನನಗಾದ ಮೊದಲ ಲಾಭ ಅದು.

ಅತ್ತೆ ಮಾತ್ರ ಅಂಜಿಸಲಿಲ್ಲ. ಅವರದು ಲೂಪಿನ ಕಾಲ. ಅಮೆರಿಕದ ಬಫಲೋ ಎಂಬ ಊರಿನ ಡಾಕ್ಟರ್ ಜ್ಯಾಕ್ ಲಿಪ್ಪೆಸ್ ಮಾಡಿದ ಪ್ಲಾಸ್ಟಿಕ್ ಲೂಪು 1965ರಲ್ಲಿ ನಮ್ಮ ದೇಶದ ಕುಟುಂಬ ಯೋಜನೆಯೊಳಗೆ ಬಂತು. ಎಮ್ಮೆಯ ಹೆಸರಿನ ಊರಿಂದ ಬಂದದ್ದನ್ನು ಮೊದಲ ವರ್ಷಗಳಲ್ಲಿ ಲಕ್ಷಗಟ್ಟಲೆ ಹೆಂಗಸರಿಗೆ ಹಾಕಿದರು. ರಕ್ತಸ್ರಾವಕ್ಕೆ ಮದ್ದು ಹೇಳುವವರಿಲ್ಲ, ಮತ್ತೆ ಕರೆದು ನೋಡುವವರಿಲ್ಲ. ಗುರಿ ಮುಟ್ಟಿದ್ದಕ್ಕೆ ಸನ್ಮಾನ ಮಾತ್ರ ಇತ್ತು. ಬರಬರುತ್ತ ಹೆಂಗಸರು ಲೂಪು ಅಂದರೆ ಹಿತ್ತಲ ಬಾಗಿಲಿನಿಂದ ಓಡತೊಡಗಿದರು.

ರಬಕವಿಯಲ್ಲಿ ಇದಕ್ಕೊಂದು ಉಪಕಥೆ ಇದೆ. ಜೀಪಿಗೆ ಧ್ವನಿವರ್ಧಕ ಕಟ್ಟಿಕೊಂಡು "ಲೂಪು ಉಚಿತ" ಎಂದು ಸಾರುತ್ತ ಬಂದರಂತೆ. ಕೈಮಗ್ಗ ಬಿಟ್ಟು ಪಾವರ್‌ಲೂಮ್ ಹಾಕುವ ಕನಸಿನಲ್ಲಿದ್ದ ನಮ್ಮ ಮಾವನವರಿಗೆ ಅದು "ಲೂಮು ಉಚಿತ" ಎಂದು ಕೇಳಿಸಿತು. ಎಲ್ಲರಿಗಿಂತ ಮೊದಲು ಹೋಗಿ ಪಾಳಿಯಲ್ಲಿ ನಿಂತರು. ನಮ್ಮ ಮನೆತನದಲ್ಲಿ ಕುಟುಂಬ ಯೋಜನೆಗೆ ಗಂಡಸೊಬ್ಬ ಪಾಳಿ ಹಚ್ಚಿದ್ದು ಅದೇ ಮೊದಲು, ಅದೇ ಕೊನೆ.

ಲೂಪು ಬರುವುದಕ್ಕೂ ಬಹಳ ಮೊದಲು, 1930ರಲ್ಲೇ, ಮೈಸೂರು ಮಹಾರಾಜರ ಸರಕಾರ ಬೆಂಗಳೂರು, ಮೈಸೂರುಗಳ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕು ತೆರೆದಿತ್ತು. ಸರಕಾರವೊಂದು ಈ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಆಗ ನಮ್ಮ ಕಡೆ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ಬೀಳಗಿಯಲ್ಲಿ ಬ್ರಿಟಿಷರು. ಮೈಸೂರಿನ ಪ್ರಜೆಗಳಾಗಲು ನಾವು 1956ರ ತನಕ ಕಾಯಬೇಕಾಯಿತು, ಕ್ಲಿನಿಕ್ಕು ಬರಲು ಇನ್ನಷ್ಟು.

ಇಷ್ಟು ಹೊಗಳಿದ ಮೇಲೆ ವಂಕಿಯನ್ನು ಒಂದಿಷ್ಟು ಬೈಯದಿದ್ದರೆ ನ್ಯಾಯವಾಗುವುದಿಲ್ಲ. ಹಾಕುವಾಗ ಒಮ್ಮೆ ಕಿಬ್ಬೊಟ್ಟೆ ಹಿಂಡಿ ಕಣ್ಣಿಗೆ ಕತ್ತಲು ಬಂತು. "ಏನೂ ಆಗೂದಿಲ್ಲ" ಎಂದು ಸಿಸ್ಟರ್ ಹೇಳಿದ್ದು ಅವರಿಗೆ ಅನ್ವಯವಾಗುವ ಮಾತು. ಮೊದಲ ಮೂರು ತಿಂಗಳು ನಾಲ್ಕು ದಿನದ ಮುಟ್ಟು ಎಂಟು ದಿನವಾಯಿತು. ಹಳೆಯ ಸೀರೆಗಳೆಲ್ಲ ಮುಗಿದವು. ಆಗ ಅತ್ತೆಯದು ಮಡಿಯ ಕಾರಭಾರ. ಹೊರಗಾದವಳು ಒಲೆಯ ಕಡೆ ಸುಳಿಯುವಂತಿಲ್ಲ. ಹೀಗಾಗಿ ಮನೆಯಲ್ಲಿ ವಂಕಿಯ ವಿರುದ್ಧ ಬಂಡಾಯವೆದ್ದದ್ದು ನನ್ನ ನೋವಿಗಲ್ಲ, ರೊಟ್ಟಿಗೆ. ಎಂಟು ದಿನ ರೊಟ್ಟಿ ಬಡಿಯುವವರು ಯಾರು? ಮಾವನವರು ಜೀವನದಲ್ಲಿ ಮೊದಲ ಬಾರಿ ನನ್ನ ಆರೋಗ್ಯ ವಿಚಾರಿಸಿದರು. ಡಾಕ್ಟರ್ ಬಾಯಾರು ಕಬ್ಬಿಣದ ಗುಳಿಗೆ, ನೋವಿನ ಗುಳಿಗೆ ಕೊಟ್ಟು, ಮೂರರಿಂದ ಆರು ತಿಂಗಳಿಗೆ ಹದಕ್ಕೆ ಬರುತ್ತದೆ, ಬರದಿದ್ದರೆ ಬಾ, ತೆಗೆದುಬಿಡೋಣ ಎಂದರು. ಐದನೆಯ ತಿಂಗಳಿಗೆ ಹದಕ್ಕೆ ಬಂತು. ಬರದವರೂ ಇದ್ದಾರೆ, ಅವರ ಮೈಯದೇನೂ ತಪ್ಪಲ್ಲ.

ಈ ರಕ್ತದ ಲೆಕ್ಕ ಕಬ್ಬಿನ ಹೊಲದಲ್ಲಿ ಬೇರೆ ಇದೆ. ಫ್ಯಾಕ್ಟರಿಗಳ ಹೊಗೆ ಏಳುವ ಹೊತ್ತಿಗೆ ನಮ್ಮ ಕಡೆಯ ಹೊಲಗಳಿಗೆ ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಗಂಡ-ಹೆಂಡತಿ ಸೇರಿ ಒಂದು ಕುಡುಗೋಲಿನ ಲೆಕ್ಕ. ಒಂದು ದಿನ ತಪ್ಪಿದರೆ ಮುಂಗಡದಲ್ಲಿ ಕಟಾವು. ಮುಟ್ಟಿಗೆ ರಜೆಯಿಲ್ಲ, ಹೊಲದಲ್ಲಿ ಮರೆಯಿಲ್ಲ. ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶಗಳು ಸಾಲುಸಾಲಾಗಿ ಹೋದ ಸಂಗತಿ 2019ರಲ್ಲಿ ದೊಡ್ಡ ಸುದ್ದಿಯಾಗಿ, ಮಹಾರಾಷ್ಟ್ರ ಸರಕಾರವೇ ಸಮಿತಿ ಕೂಡಿಸಿ ಎಣಿಸಿದಾಗ 13 ಸಾವಿರದ ಮೇಲೆ ಹೋಯಿತು. ಮೂವತ್ತು ತುಂಬುವ ಮೊದಲೇ ಚೀಲ ತೆಗೆಸಿಕೊಂಡವರಿದ್ದರು. ಎಂಟು ದಿನ ಮುಟ್ಟಾಗುವುದಕ್ಕೆ ನಮ್ಮ ಮನೆಯಲ್ಲಿ ರೊಟ್ಟಿ ತಪ್ಪಿತು. ಅಲ್ಲಿ ಗರ್ಭಕೋಶವೇ ತಪ್ಪುತ್ತದೆ. ನಿಮ್ಮ ಚಹಾದ ಸಕ್ಕರೆಯ ಬಗ್ಗೆ ನಾನೇನೂ ಹೇಳುವುದಿಲ್ಲ.

ಇನ್ನು ಬೀಳಗಿ. ತಂಗಿಯ ಹೊಲ ಆಲಮಟ್ಟಿಯ ಹಿನ್ನೀರಿನ ಅಡಿಗೆ ಹೋಗಿ, ಮನೆ ಪುನರ್ವಸತಿ ಕೇಂದ್ರಕ್ಕೆ ಬಂದಿದೆ. 2018ರಲ್ಲಿ ಹೆರಿಗೆಯಾಯಿತು. ಒಂದೂವರೆ ತಿಂಗಳಾದರೂ ಕಿಬ್ಬೊಟ್ಟೆಯ ನೋವು ಹೋಗದೆ ಡಿಸ್ಚಾರ್ಜ್ ಕಾಗದ ಹಿಡಿದು ಫೋನು ಮಾಡಿದಳು.

"ಅಕ್ಕಾ, ಇದರಾಗ ಪಿ-ಪಿ-ಐ-ಯು-ಸಿ-ಡಿ ಅಂತ ಬರದಾರ. ಪಿಪ್ಪರಮೆಂಟೇನ?"

ಪಿಪ್ಪರಮೆಂಟಲ್ಲ. ಹೆರಿಗೆಯಾದ 48 ತಾಸಿನೊಳಗೆ ಹಾಕುವ ವಂಕಿ. ಬಸಿರಿದ್ದಾಗಲೇ ತಿಳಿಸಿ ಹೇಳಿ, ಒಪ್ಪಿಗೆ ಪಡೆದೇ ಹಾಕಬೇಕೆಂಬುದು ನಿಯಮ. ಹಾಕಿಸಿಕೊಂಡವಳಿಗೆ 300 ರೂಪಾಯಿ, ಹಾಕಿದವರಿಗೆ 150, ಕರೆತಂದ ಆಶಾಗೆ 150 ಎಂಬುದು ಆಗಿನ ದರಪಟ್ಟಿ. ನಿಯಮ ಒಂದು ಕಡತದಲ್ಲಿತ್ತು, ದರಪಟ್ಟಿ ಇನ್ನೊಂದರಲ್ಲಿ. ಯಾವ ಕಡತ ಮೊದಲು ತೆರೆಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ತೆಗೆಯುವುದಕ್ಕೆ ಎಷ್ಟೆಂಬ ಕಾಲಮ್ಮನ್ನು ನಾನು ಯಾವ ಪಟ್ಟಿಯಲ್ಲೂ ಕಂಡಿಲ್ಲ.

ಹಾಗಾಗಿಯೇ ಇರಬೇಕು, ತೆಗೆಸಲು ಹೋದ ತಂಗಿ ಮೂರು ಸಲ ವಾಪಸ್ಸು ಬಂದಳು. ಮೊದಲ ಸಲ ಡಾಕ್ಟರ್ ರಜೆ. ಎರಡನೆಯ ಸಲ "ಇನ್ನೊಂದ ಮೂರ ತಿಂಗಳ ತಡಿ, ಹೊಂದಿಕೊಳ್ತೈತಿ." ಮೂರನೆಯ ಸಲ "ಗಂಡನ್ನ ಕರಕೊಂಡ ಬಾ." ಹಾಕುವಾಗ ಇವಳನ್ನೂ ಕೇಳದವರಿಗೆ ತೆಗೆಯುವಾಗ ಇವಳ ಗಂಡನನ್ನೂ ಕೇಳಬೇಕಾಯಿತು. ಆವತ್ತು ರಾತ್ರಿ ಅವಳು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ನಮ್ಮ ಹೊಲದಾಗ ನೀರ ನಿಲ್ಲಸೂಮುಂದನೂ ಕೇಳಲಿಲ್ಲ, ನನ್ನೊಳಗ ವಂಕಿ ಹಾಕೂಮುಂದನೂ ಕೇಳಲಿಲ್ಲ. ಅದಕ್ಕರೆ ಪರಿಹಾರಕ್ಕ ಅರ್ಜಿ ಬರಕೊಟ್ಟೀವಿ, ಇದಕ್ಕ ಎಲ್ಲಿ ಕೊಡ್ಲಿ?"

ಕಡೆಗೆ ಬೇರೊಂದು ಕಡೆ ಹೋಗಿ ತೆಗೆಸಿದಳು. ಕತೆ ಇಲ್ಲಿಗೆ ಮುಗಿದಿದ್ದರೆ ವಂಕಿಯ ವೈರಿಗಳಿಗೆ ಹಬ್ಬವಾಗುತ್ತಿತ್ತು. ಆರು ತಿಂಗಳಾದ ಮೇಲೆ ಅವಳೇ ಬಸ್ ಹತ್ತಿ ಹೋಗಿ, ಅವಳೇ ಕೇಳಿ, ಇನ್ನೊಂದು ಹಾಕಿಸಿಕೊಂಡು ಬಂದಳು. ಈ ಸಲ ಅಷ್ಟು ನೋಯಲಿಲ್ಲ ಅಂತಾಳೆ. ತಾಮ್ರ ಅದೇ, ಅಳತೆ ಅದೇ.

ಇನ್ನು ನನ್ನ ತವರು. ಮುಧೋಳ ಕವಿಚಕ್ರವರ್ತಿ ರನ್ನನ ಊರು. ಅವನದು ಬಳೆಗಾರರ ಮನೆತನ. ನಮ್ಮ ಓಣಿಗೆ ಬರುವ ಬಳೆಗಾರರು ಇವತ್ತಿಗೂ ಮೊದಲು ಕೈ ಹಿಡಿದು ಅಮುಕಿ ನೋಡುತ್ತಾರೆ, "ಯಾವ್ದ ಹಾಕ್ಲೆವಾ, ಹಸರೋ ಕೆಂಪೋ?" ಎಂದು ಕೇಳುತ್ತಾರೆ, ನೋವಾದರೆ ನಿಲ್ಲಿಸುತ್ತಾರೆ. ಒಡೆದ ಬಳೆಗೆ ದುಡ್ಡು ಹಿಡಿಯುವುದಿಲ್ಲ. ವಂಕಿ ಹಾಕುವವರಿಗೆ ತರಬೇತಿ ಕೊಡಲು ಆರೋಗ್ಯ ಇಲಾಖೆ ದಿಲ್ಲಿಯಿಂದ ತಜ್ಞರನ್ನು ಕರೆಸಬೇಕಾಗಿಲ್ಲ. ಮುಧೋಳದ ಬಳೆಗಾರರನ್ನು ಒಂದು ದಿನದ ಮಟ್ಟಿಗೆ ಕರೆದರೆ ಸಾಕು.

ರನ್ನನಾದ ಮೇಲೆ ಮುಧೋಳಕ್ಕೆ ಹೆಸರು ತಂದದ್ದು ನಾಯಿ. 2005ರಲ್ಲಿ ಅಂಚೆಚೀಟಿಯ ಮೇಲೆ ಏರಿತು, ಆಮೇಲೆ ಸೈನ್ಯಕ್ಕೂ ಸೇರಿತು, 2020ರಲ್ಲಿ ಪ್ರಧಾನಿಯವರ ಬಾನುಲಿ ಮಾತಿನಲ್ಲೂ ಬಂತು. ನನ್ನ ತಮ್ಮ ಅಂಥ ನಾಯಿ ಸಾಕಿ ಮರಿ ಮಾರುತ್ತಾನೆ. ಹೆಣ್ಣುನಾಯಿ ಒಂದು ಸೂಲು ಹಾಕಿದ ಮೇಲೆ ಮುಂದಿನ ಬೆದೆಗೆ ಗಂಡು ತೋರಿಸುವುದೇ ಇಲ್ಲ. "ಮೈ ಕಟ್ಟಿಕೊಳ್ಳಬೇಕ್ಕಾ ಅದು. ಬೆನ್ನಬೆನ್ನಿಗೆ ಈದ್ರ ತಾಯೀನೂ ಸೊರಗತೈತಿ, ಮರೀನೂ ಸೊಣಕಲ ಆಗ್ತಾವ." ಈ ಮಾತನ್ನು ಅವನು ಹೇಳುವಾಗ ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು: ಬಗಲಲ್ಲಿ ಹತ್ತು ತಿಂಗಳ ಕೂಸು, ಕಾಲಿಗೆ ಜೋತುಬಿದ್ದ ಎರಡು ವರ್ಷದ್ದು, ಹೊಟ್ಟೆಯಲ್ಲಿ ಮೂರು ತಿಂಗಳದ್ದು.

"ಮತ್ತ ಇಕಿ ಮೈ?" ಅಂದೆ.

"ಅದು ದೇವರ ಕೊಡೂದಕ್ಕಾ, ನಮ್ಮ ಕೈಯಾಗ ಏನೈತಿ?"

ನಾಯಿಯ ಹೊಟ್ಟೆ ತಮ್ಮನ ವಹಿಯಲ್ಲಿದೆ, ಹೆಂಡತಿಯ ಹೊಟ್ಟೆ ದೇವರ ಖಾತೆಯಲ್ಲಿದೆ. ಮೂರನೆಯ ಹೆರಿಗೆಯ ಬೆನ್ನಿಗೇ ಅವಳಿಗೆ ಆಪರೇಷನ್ ಆಯಿತು. ಆಗ ಅವಳಿಗೆ 23.

ಇದು ನಮ್ಮ ಮನೆಯೊಂದರ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ಶೇ 57.4 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ವಂಕಿಯವರು ಇಡೀ ದೇಶದಲ್ಲಿ ಶೇ 2.1. ಗಂಡಸರ ನಸಬಂದಿ ದೇಶದಲ್ಲಿ ಶೇ 0.3, ನಮ್ಮ ರಾಜ್ಯದಲ್ಲಿ ಅದಕ್ಕಿಂತಲೂ ಕಡಿಮೆ. ಅಂತರ ಇಡುವ ಸಾಧನ ಯಾರಿಗೂ ಬೇಡ. ಲಗೂ ಲಗ್ನ, ಲಗೂ ಎರಡು-ಮೂರು, ಲಗೂ ಕತ್ತರಿ. ಇಪ್ಪತ್ತೈದಕ್ಕೆ ಖಾತೆ ಬಂದ್. ಬೇಕಾದಾಗ ಹಾಕಿಸಿ ಬೇಡಾದಾಗ ತೆಗೆಸಬಹುದಾದ ಸಾಧನದಲ್ಲಿ ಒಂದು ದೊಡ್ಡ ದೋಷವಿದೆ. ತೊಟ್ಟವಳು ಹತ್ತು ವರ್ಷವೂ ಮನಸ್ಸು ಬದಲಿಸುವ ಹಕ್ಕನ್ನು ಇಟ್ಟುಕೊಂಡೇ ಇರುತ್ತಾಳೆ.

ಗಂಡಸರು ಹಿಂಜರಿಯುವುದಕ್ಕೆ ಚಾರಿತ್ರಿಕ ಕಾರಣವಿದೆ ಎನ್ನುತ್ತಾರೆ. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ, ದೇಶದಲ್ಲಿ 60 ಲಕ್ಷಕ್ಕೂ ಮೇಲ್ಪಟ್ಟು ಗಂಡಸರಿಗೆ ನಸಬಂದಿ ಆಯಿತು, ಎಷ್ಟೋ ಕಡೆ ಹಿಡಿದೆಳೆದು ಮಾಡಿದರು. ಅನ್ಯಾಯವೇ, ಅನುಮಾನವಿಲ್ಲ. ಆದರೆ ಆ ಒಂದು ವರ್ಷದ ಅಂಜಿಕೆ ಗಂಡಸರಿಗೆ ಐವತ್ತು ವರ್ಷ ಬಾಳಿಕೆ ಬಂದಿದೆ. 380ಎ ಬರೋದು ಹತ್ತೇ ವರ್ಷ! ಈಗಿನ ನಸಬಂದಿ ಹೊಲಿಗೆಯೂ ಇಲ್ಲದ, ಹದಿನೈದು-ಇಪ್ಪತ್ತು ನಿಮಿಷದ ಕೆಲಸ. ನಮ್ಮನೆಯವರಿಗೆ ಹೇಳಿ ನೋಡಿದೆ. "ಬೀಮ್ ಎತ್ತಾವ್ರ ಯಾರು?" ಎಂದರು. ನಾನು ಸಿಜೇರಿಯನ್ ಆಗಿ ಹದಿನೈದನೇ ದಿನಕ್ಕೆ ಎತ್ತಿದ ನೀರಿನ ಕೊಡಗಳು ಅಡುಗೆಮನೆಯಿಂದಲೇ ಅವರನ್ನು ನೋಡುತ್ತಿದ್ದವು.

ನಸಬಂದಿ ಬೇಡ ಅಂದರೆ ನಿರೋಧವಿದೆ. ಅದೂ ದೂರದ್ದಲ್ಲ. ಹುಕ್ಕೇರಿ ತಾಲ್ಲೂಕಿನ ಕಣಗಲಾದಲ್ಲಿ ಎಂಬತ್ತರ ದಶಕದಲ್ಲಿ ಹಿಂದುಸ್ತಾನ್ ಲ್ಯಾಟೆಕ್ಸ್ ಹಾಕಿದ ನಿರೋಧದ ಕಾರ್ಖಾನೆ ಇದೆ. ನಮ್ಮೂರಿಂದ ಎರಡು-ಮೂರು ತಾಸಿನ ದಾರಿ. ಕಾಪರ್-ಟಿಯೋ ತಿರುವನಂತಪುರದಿಂದ ಬರಬೇಕು. ಆದರೂ ಕೇರಳದಿಂದ ತಾಮ್ರ ಬಂದು ಮುಟ್ಟುತ್ತದೆ, ಪಕ್ಕದ ಜಿಲ್ಲೆಯ ರಬ್ಬರು ಮುಟ್ಟುವುದಿಲ್ಲ.

ಜಮಖಂಡಿಯದನ್ನು ಕೊನೆಗಿಟ್ಟೆ, ಯಾಕೆಂದರೆ ಮೆಲ್ಲಗೆ ಹೇಳಬೇಕು. ಇದು ನಾದಿನಿಯ ನೆರೆಮನೆಯಾಕೆಯ ಕತೆ (ನೆರೆಮನೆಯಾಕೆಯದೇ, ನಂಬಿ). ಮೂರು ಹೆಣ್ಣು. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂದು ಗೋಡೆಯ ಮೇಲೆ ಬರೆಸಿದವರು ಮೂವರೂ ಆರತಿಗೇ ಬಂದರೆ ಏನು ಮಾಡಬೇಕೆಂದು ಬರೆಸಲಿಲ್ಲ. ಕೀರ್ತಿ ಬರುವ ತನಕ ಆಪರೇಷನ್ ಇಲ್ಲ ಎಂದು ಮನೆಯ ತೀರ್ಮಾನ. ಅವಳು ತವರಿಗೆ ಹೋದಾಗ ಸದ್ದಿಲ್ಲದೆ ವಂಕಿ ಹಾಕಿಸಿಕೊಂಡು, ದಾರ ಗಿಡ್ಡ ಮಾಡಿಸಿಕೊಂಡು ಬಂದಳು. ಅಂದಿನಿಂದ ಪ್ರತಿ ಅಮಾವಾಸ್ಯೆ ಅತ್ತೆಯ ಜೊತೆ ಗುಡಿಗೆ ಹೋಗುತ್ತಾಳೆ, ಗಂಡುಮಗನ ಹರಕೆಯ ಕಾಯಿ ಒಡೆಸುತ್ತಾಳೆ, ಅಂಗಾರ ಹಚ್ಚಿಕೊಂಡು ಬರುತ್ತಾಳೆ. ಐದು ವರ್ಷವಾಯಿತು. ಅತ್ತೆ ಈಗಾಗಲೇ ಇಬ್ಬರು ದೇವರನ್ನು ಬದಲಿಸಿದ್ದಾರೆ. ಪಾಪ, ದೇವರಿಗೆ ಕೆಟ್ಟ ಹೆಸರು.

ನನ್ನದರ ಅವಧಿ 2019ಕ್ಕೆ ಮುಗಿಯಿತು. ಯಾರೂ ನೆನಪಿಸಲಿಲ್ಲ, ಹಾಕುವಾಗ ಬೆನ್ನು ಹತ್ತುವ ಇಲಾಖೆ ತೆಗೆಯುವಾಗ ನಾಚಿಕೊಳ್ಳುತ್ತದೆ. ಕಾರ್ಡು ಸಿಕ್ಕಿದ್ದು ಮಗ್ಗದ ವಿಮೆಯ ಕಾಗದಗಳ ನಡುವೆ. ತೆಗೆಯಲು ಎರಡು ನಿಮಿಷ ಹಿಡಿಯಿತು. ಸಿಸ್ಟರ್ ಟ್ರೇಯಲ್ಲಿಟ್ಟು ತೋರಿಸಿದರು: ತಾಮ್ರ ಕಪ್ಪಿಟ್ಟಿತ್ತು, ದಾರ ಮಾತ್ರ ಹಾಗೇ ಇತ್ತು. ಮನೆಗೆ ಬಂದು ಹೇಳಿದಾಗ ನಮ್ಮನೆಯವರು ಲಾಳಿ ಕೆಳಗಿಟ್ಟು ಕೇಳಿದರು: "ಅದರಾಗಿನ ತಾಮ್ರಾ ಅವರ ಇಟ್ಕೊಂಡ್ರೇನ?"

2016ರಲ್ಲಿ 380ಎ ಹಾಕಿಸಿಕೊಂಡವರದು 2026ಕ್ಕೆ ಮುಗಿಯುತ್ತದೆ. 375 ಎಂಬ ಇನ್ನೊಂದು ಬಗೆಯ ವಂಕಿಯಾಗಿದ್ದರೆ ಐದೇ ವರ್ಷ. ಕಾರ್ಡು ಹುಡುಕಿ ತಾರೀಖು ನೋಡಿಕೊಳ್ಳಿ. ಹಾಕಿಸಲಿಕ್ಕೂ ತೆಗೆಸಲಿಕ್ಕೂ ಗಂಡನ ಸಹಿ ಬೇಕಿಲ್ಲ.